ಆ ಶುಕ್ರವಾರದ ಫೋನು



ನಮ್ಮ ಸಂಪಾದಕರು ಪ್ರತಿ ಸಂಚಿಕೆಗೂ ತಪ್ಪದೆ ಫೋನ್ ಮಾಡಿ "ಡಾಕ್ಟ್ರೇ, ಎರಡು ಪುಟ ಬೇಕು" ಎನ್ನುತ್ತಾರೆ. ನಾವೂ ತಪ್ಪದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೇಸಿಗೆಯಲ್ಲಿ ನೀರು ಕುಡಿಯುವ ಬಗೆ, ರಂಜಾನ್ ಉಪವಾಸದಲ್ಲಿ ಮಾತ್ರೆ ಹೊಂದಿಸಿಕೊಳ್ಳುವ ಬಗೆ ಎಂದು ಬರೆದುಕೊಟ್ಟಿದ್ದೇವೆ. ಓದಿದವರು ಎಷ್ಟು ಮಂದಿಯೋ, ಓದಿ ಸಕ್ಕರೆ ಬಿಟ್ಟವರು ಎಷ್ಟು ಮಂದಿಯೋ ದೇವರೇ ಬಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಜಾಮೂನಿನ ಪಾತ್ರೆ ಖಾಲಿಯಾಗುವ ವೇಗದಲ್ಲಿ ಮಾತ್ರ ನಮಗೆ ಯಾವ ವ್ಯತ್ಯಾಸವೂ ಕಂಡಿಲ್ಲ.

ಆದ್ದರಿಂದ ಈ ಸಲ ಕಾಯಿಲೆಯ ಮಾತು ಬೇಡ. ಒಂದು ದೇಶ ತನ್ನ ಜನರನ್ನೆಲ್ಲ ಕರೆದು "ಹೌದೋ, ಅಲ್ಲವೋ" ಎಂದು ಒಂದೇ ಪ್ರಶ್ನೆ ಕೇಳುತ್ತದೆ. ಅದಕ್ಕೆ ಜನಮತಗಣನೆ ಎಂದು ಹೆಸರು. ಉತ್ತರ ಬಂದ ಮೇಲೆ ಗೆದ್ದವರು, ಸೋತವರು, ದೂರದಲ್ಲಿ ಕುಳಿತು ನೋಡುವವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ದೂರದಲ್ಲಿ ಕುಳಿತು ನೋಡಿದವರ ಪೈಕಿ ನಾವೂ ಇದ್ದೆವು. ನಾವು ನಡೆದುಕೊಂಡ ರೀತಿ ಚೆನ್ನಾಗಿರಲಿಲ್ಲ. ಅದನ್ನು ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ.

2016ನೇ ಇಸವಿ, ಜೂನ್ 24, ಶುಕ್ರವಾರ. ರಂಜಾನ್ ತಿಂಗಳು. ಮದೀನತ್ ಖಲೀಫಾದಲ್ಲಿ ಟ್ರಾಫಿಕ್ ಇಲಾಖೆಗೆ ಹೋಗುವ ದಾರಿಯ ಕಡೆ ಒಂದು ಹಳೆಯ ವಿಲ್ಲಾದ ಮೇಲಿನ ಪಾಲಿನಲ್ಲಿ ನಮ್ಮ ವಾಸ. ಕೆಳಗಿನ ಪಾಲಿನಲ್ಲಿ ಈಜಿಪ್ಟಿನ ಒಂದು ಸಂಸಾರ. ಅವರು ಸಹೂರಿಗೆಂದು ಎದ್ದು ಅಡುಗೆ ಮನೆಯಲ್ಲಿ ಪಾತ್ರೆ ಸದ್ದು ಮಾಡಿದಾಗ ನಮಗೂ ಎಚ್ಚರವಾಯಿತು. ಎಚ್ಚರವಾದದ್ದು ನೆಪ, ಇಂಗ್ಲೆಂಡಿನ ಫಲಿತಾಂಶ ನೋಡಬೇಕೆಂಬ ತವಕ ಮೊದಲೇ ಇತ್ತು. ಟಿವಿ ಹಾಕಿದೆವು. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಹೊರಬರಬೇಕೋ ಎಂಬ ಪ್ರಶ್ನೆಗೆ ಹಿಂದಿನ ದಿನ ಮತದಾನ ಮುಗಿದಿತ್ತು. ನಮ್ಮ ಗಡಿಯಾರದಲ್ಲಿ ಎರಡೂಕಾಲು ದಾಟುವ ಹೊತ್ತಿಗೆ ಸಂಡರ್‌ಲ್ಯಾಂಡ್ ಎಂಬ ಊರಿನ ಲೆಕ್ಕ ಬಂತು. ಅಲ್ಲಿ ನೂರಕ್ಕೆ 61 ಜನ ಹೊರಬರೋಣ ಎಂದಿದ್ದರು. ಕೆಳಮನೆಯವರು ಊಟ ಮುಗಿಸಿ ಫಜ್ರ್ ನಮಾಜಿಗೆ ಹೊರಡುವಷ್ಟರಲ್ಲಿ ಪೌಂಡಿನ ಬೆಲೆ ಕುಸಿಯತೊಡಗಿತ್ತು. ಬೆಳಗಿನ ಆರು ನಲವತ್ತರ ಸುಮಾರಿಗೆ, ಅಂದರೆ ಅಲ್ಲಿನ ನಾಲ್ಕು ನಲವತ್ತಕ್ಕೆ, ಹೊರಬರುವ ಪಕ್ಷ ಗೆದ್ದಿತೆಂದು ಬಿಬಿಸಿಯವರು ಸಾರಿದರು.

ಕೊನೆಯ ಲೆಕ್ಕ ನಿಮಗೆ ನೆನಪಿರಬಹುದು. ನೂರಕ್ಕೆ 51.9 ಹೊರಗೆ, 48.1 ಒಳಗೆ. ಮತ ಹಾಕಿದವರು ನೂರಕ್ಕೆ 72. ಹೊರಗೆ ಎಂದವರು ಸುಮಾರು 1 ಕೋಟಿ 74 ಲಕ್ಷ, ಒಳಗೆ ಎಂದವರು ಸುಮಾರು 1 ಕೋಟಿ 61 ಲಕ್ಷ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಮತ್ತು ಲಂಡನ್ ನಗರ ಒಳಗೆ ಎಂದವು, ವೇಲ್ಸ್ ಮತ್ತು ಇಂಗ್ಲೆಂಡಿನ ಉಳಿದ ಬಹುಭಾಗ ಹೊರಗೆ ಎಂದವು. ಹೊತ್ತೇರುವಷ್ಟರಲ್ಲಿ ಪ್ರಧಾನಿ ಕ್ಯಾಮರಾನ್ ತಮ್ಮ ಮನೆಬಾಗಿಲಲ್ಲಿ ನಿಂತು ರಾಜೀನಾಮೆಯ ಮಾತಾಡಿದರು. ಹಿಂದಿನ ರಾತ್ರಿ ಸುಮಾರು ಐದೂವರೆ ರಿಯಾಲಿಗೆ ಇದ್ದ ಪೌಂಡು ಐದಕ್ಕಿಂತ ಕೆಳಗೆ ಇಳಿದಿತ್ತು. ಡಾಲರಿನ ಎದುರು ಅದು ಅಷ್ಟು ಕೆಳಗೆ ಇಳಿದದ್ದು 1985ರ ನಂತರ ಅದೇ ಮೊದಲು.

ನಮ್ಮ ಮಗಳಿಗೆ ಆಗ ಹನ್ನೆರಡು ವರ್ಷ. ಕಣ್ಣುಜ್ಜಿಕೊಂಡು ಬಂದವಳು ಟಿವಿಯನ್ನೂ ನಮ್ಮ ಮುಖವನ್ನೂ ನೋಡಿ ಕೇಳಿದಳು: "ನಾವು ಗೆದ್ವಾ, ಸೋತ್ವಾ?"

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅದು ಏಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು.

ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ಕೆಲವು ವರ್ಷ ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡಿ, ಪ್ಲ್ಯಾಬ್ ಪರೀಕ್ಷೆ ಬರೆದು ನಾವು ಇಂಗ್ಲೆಂಡಿಗೆ ಹೋದದ್ದು 2002ರಲ್ಲಿ. ಅಮೆರಿಕದವರು ರೆಸಿಡೆನ್ಸಿ ಎನ್ನುವುದನ್ನು ಅಲ್ಲಿ ಟ್ರೈನಿಂಗ್ ಎನ್ನುತ್ತಾರೆ. ಹೆಸರು ಬೇರೆ, ನಿದ್ದೆಗೇಡು ಒಂದೇ. ನಮ್ಮನ್ನು ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋದವರು, ಮೊದಲ ಆರು ವಾರ ತಮ್ಮ ಮನೆಯಲ್ಲಿ ಇಟ್ಟುಕೊಂಡವರು ಹುಬ್ಬಳ್ಳಿಯಲ್ಲಿ ನಮಗಿಂತ ಮೂರು ವರ್ಷ ಮುಂದೆ ಓದುತ್ತಿದ್ದ ಒಬ್ಬರು. ಅವರ ಹೆಸರು ಇಲ್ಲಿ ಬೇಡ. ನಾವು ಅವರನ್ನು ಕರೆಯುವುದು ಅಣ್ಣ ಎಂದು, ಅವರ ಮನೆಯವರನ್ನು ವೈನಿ ಎಂದು. ವೆಸ್ಟ್ ಮಿಡ್‌ಲ್ಯಾಂಡ್ಸ್‌ನ ಒಂದು ಊರಿನಲ್ಲಿ ವೈನಿ ಜೋಳದ ಹಿಟ್ಟು ಎಲ್ಲಿಂದ ಹುಡುಕಿ ತರುತ್ತಿದ್ದರೋ, ರವಿವಾರ ರೊಟ್ಟಿ, ಎಣಗಾಯಿ ತಪ್ಪುತ್ತಿರಲಿಲ್ಲ. ನಮ್ಮ ಮಗಳು ಹುಟ್ಟಿದಾಗ ಬಾಣಂತನ ಮಾಡಿದವರೂ ಅವರೇ.

2006ರ ಏಪ್ರಿಲ್‌ನಲ್ಲಿ ಅಲ್ಲಿ ವೈದ್ಯರ ನಿಯಮ ಬದಲಾಯಿತು. ಅಲ್ಲಿಯವರೆಗೆ ಹೊರದೇಶದ ವೈದ್ಯರು ಕೆಲಸದ ಪರ್ಮಿಟ್ ಇಲ್ಲದೆ ಟ್ರೈನಿಂಗ್ ಮಾಡಬಹುದಾಗಿತ್ತು. ಹೊಸ ನಿಯಮದಂತೆ ಐರೋಪ್ಯ ವಲಯದ ಹೊರಗಿನವರಿಗೆ ಪರ್ಮಿಟ್ ಬೇಕಾಯಿತು. ಪರ್ಮಿಟ್ ಕೊಡಬೇಕಾದರೆ ಆ ಹುದ್ದೆಗೆ ಬ್ರಿಟನ್ನಿನ ಅಥವಾ ಯೂರೋಪಿನ ಅರ್ಹರು ಸಿಕ್ಕಿಲ್ಲವೆಂದು ಆಸ್ಪತ್ರೆ ತೋರಿಸಬೇಕಾಯಿತು. ಸಾವಿರಾರು ಭಾರತೀಯ ವೈದ್ಯರು ಅರ್ಧ ದಾರಿಯಲ್ಲಿ ನಿಂತರು. ಭಾರತೀಯ ಮೂಲದ ವೈದ್ಯರ ಸಂಘ, ಬಾಪಿಯೋ ಎನ್ನುತ್ತಾರಲ್ಲ, ಅದು ನ್ಯಾಯಾಲಯಕ್ಕೆ ಹೋಯಿತು. 2008ರ ಏಪ್ರಿಲ್ ಕೊನೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಸಂಘದ ಪರವಾಗಿ ತೀರ್ಪು ಕೊಟ್ಟಿತು. ಆ ತೀರ್ಪು ಬರುವ ಹೊತ್ತಿಗೆ ನಾವು ದೋಹಾದಲ್ಲಿದ್ದೆವು. ಎಂಆರ್‌ಸಿಪಿ ಕೈಗೆ ಬಂದಿತ್ತು, ಮುಂದಿನ ಮೆಟ್ಟಿಲಿನ ಹುದ್ದೆ ಬರಲಿಲ್ಲ. ಒಂದು ಸಂದರ್ಶನದ ಕೋಣೆಯಿಂದ ಹೊರಬಂದು, ಮೂರು ವರ್ಷದ ಮಗುವನ್ನು ಎತ್ತಿಕೊಂಡು, ಕಾರು ಮಾರಿ, ಸಾಮಾನು ಕಟ್ಟಿ, 2007ರ ಚಳಿಗಾಲದಲ್ಲಿ ಇಲ್ಲಿಗೆ ಬಂದೆವು. ವಿಮಾನ ನಿಲ್ದಾಣಕ್ಕೆ ಬಿಟ್ಟವರು ಮತ್ತೆ ಅಣ್ಣನೇ. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ನಮಗೆ ದೋಹಾ ಅನ್ನ ಕೊಟ್ಟಿದೆ, ಗೌರವ ಕೊಟ್ಟಿದೆ, ಕೊರಗಿಲ್ಲ. ಕಥೆಗೆ ಬೇಕೆಂದು ಹೇಳಿದೆವು ಅಷ್ಟೆ.

ಇನ್ನು 2016ರ ಜನಮತಗಣನೆಯಲ್ಲಿ ಯಾರಿಗೆ ಮತವಿತ್ತು ಎಂಬ ವಿಚಿತ್ರವನ್ನು ಕೇಳಿ. ಬ್ರಿಟನ್ನಿನಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತವಿತ್ತು, ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿರುವ ನಮ್ಮವರಿಗೂ. ಆದರೆ ಅದೇ ವಾರ್ಡಿನಲ್ಲಿ ಹತ್ತು ವರ್ಷ ದುಡಿದ ಪೋಲೆಂಡಿನ ನರ್ಸಿಗೆ ಮತವಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ ಒಕ್ಕೂಟದ ಬೇರೆ ದೇಶಗಳವರಿಗೆ ಇರಲಿಲ್ಲ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದ ಬ್ರಿಟಿಷರಿಗೂ ಮತವಿರಲಿಲ್ಲ. ನಮ್ಮ ಬೀದಿಯ ತುದಿಯ ಕಾಂಪೌಂಡಿನಲ್ಲಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ಕೊಲ್ಲಿ ದೇಶಗಳಲ್ಲಿ ಇಪ್ಪತ್ತು ವರ್ಷ ಕಳೆದವರು. ಫಲಿತಾಂಶದ ವಾರದಲ್ಲಿ ರಕ್ತದೊತ್ತಡ ತೋರಿಸಲು ಬಂದು, "ನನ್ನ ದೇಶದ ಭವಿಷ್ಯಕ್ಕೆ ನಿಮ್ಮ ಊರಿನ ವಿದ್ಯಾರ್ಥಿ ಮತ ಹಾಕಬಹುದು, ನಾನು ಹಾಕುವಂತಿಲ್ಲ" ಎಂದು ನಕ್ಕರು. ಆ ನಗುವಿನಲ್ಲಿ ಒತ್ತಡ ನೂರೆಪ್ಪತ್ತಿತ್ತು. ಇನ್ನು ನಮಗೆ? ಅಲ್ಲಿ ವಾಸವಿಲ್ಲ, ಆದ್ದರಿಂದ ಅಲ್ಲಿ ಮತವಿಲ್ಲ. ಭಾರತದಲ್ಲಿ ಮತ ಹಾಕಬೇಕಾದರೆ ಊರಿಗೇ ಹೋಗಿ ನಿಲ್ಲಬೇಕು. ಇಲ್ಲಿ ನಾವು ಅತಿಥಿಗಳು. ಮೂರು ದೇಶಗಳ ನಡುವೆ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮತವಿಲ್ಲದವರಿಗೆ ಮಾತು ಹೆಚ್ಚು ಎಂಬುದಕ್ಕೆ ನಾವೇ ಸಾಕ್ಷಿ.

ಆ ಶುಕ್ರವಾರ ಸಂಜೆ ಏಳರ ಹೊತ್ತು. ಕೆಳಮನೆಯವರು ಇಫ್ತಾರಿನ ಖರ್ಜೂರ, ಸಮೋಸ ಕಳಿಸಿದ್ದರು. ಫೋನ್ ಬಂತು. ಅಣ್ಣ. ಸ್ಪೀಕರಿಗೆ ಹಾಕಿ ಇಬ್ಬರೂ ಕುಳಿತೆವು.

"ಟಿವಿ ನೋಡಿದ್ರೇನು?"

"ಬೆಳಗಿನಿಂದ ಅದೇ ಆಯ್ತು ಅಣ್ಣಾ. ನೀವು ಯಾವ ಕಡೆ ಹಾಕಿದ್ರಿ?"

ಕೇಳಬಾರದಿತ್ತು. ಮತ ಗುಟ್ಟಿನದು. ಆದರೆ ನಮ್ಮ ಮಟ್ಟಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ, ಉತ್ತರ ಗೊತ್ತೇ ಇದೆ ಎಂದುಕೊಂಡಿದ್ದೆವು.

"ನಾ ಲೀವ್ ಹಾಕೀನಿ. ನಿಮ್ಮ ವೈನಿ ರಿಮೇನ್ ಹಾಕ್ಯಾಳ."

ಒಂದು ಕ್ಷಣ ಸುಮ್ಮನಾದೆವು. ಆಮೇಲೆ ಶುರುವಾಯಿತು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು. ನೀವೇ ಹೊರಗಿನಿಂದ ಹೋದವರಲ್ಲವೇ, ಹತ್ತಿದ ಏಣಿ ಒದ್ದಿರಲ್ಲ ಎಂದೆವು. ನಾಳೆ ನಿಮ್ಮನ್ನೇ ಹೊರಡಿ ಎನ್ನುತ್ತಾರೆ ನೋಡುತ್ತಿರಿ ಎಂದೆವು. ಮತದಾನಕ್ಕೆ ಒಂದು ವಾರ ಮುಂಚೆ ಜೂನ್ 16ರಂದು ಜೋ ಕಾಕ್ಸ್ ಎಂಬ ಸಂಸದೆಯನ್ನು ನಡುಬೀದಿಯಲ್ಲಿ ಕೊಂದಿದ್ದರು. ಅದನ್ನೂ ಎತ್ತಿ, ಅಂಥವರ ಜೊತೆ ನಿಂತಿರಾ ಎಂದು ಕೇಳಿದೆವು. ಅದು ಅನ್ಯಾಯದ ಮಾತು. ಒಬ್ಬ ಕೊಲೆಗಾರನ ಪಾಪವನ್ನು ಒಂದೂಮುಕ್ಕಾಲು ಕೋಟಿ ಜನರ ತಲೆಗೆ ಕಟ್ಟಲಾದೀತೇ?

ನಡುವೆ ಅಣ್ಣ ಎರಡು ಸಲ "ಸ್ವಲ್ಪ ಕೇಳ್ರಿ ಇಲ್ಲೆ, ಇವತ್ತ ವಾರ್ಡಿನ್ಯಾಗ ಏನಾತಂದ್ರ..." ಎಂದರು. ಎರಡು ಸಲವೂ ನಾವು ಬಿಡಲಿಲ್ಲ. ಕೊನೆಗೆ "ಇರ್ಲಿ ಬಿಡ್ರಿ" ಎಂದು ಫೋನ್ ಇಟ್ಟರು. ಸಮೋಸ ತಣ್ಣಗಾಗಿತ್ತು. ನಮಗೆ ಮಾತ್ರ ನ್ಯಾಯದ ಪರ ವಾದ ಮಾಡಿ ಗೆದ್ದ ಸಮಾಧಾನ.

ಅದರ ಮುಂದಿನ ದಿನಗಳಲ್ಲಿ ಆ ದೇಶದ ಪ್ರತಿಕ್ರಿಯೆಗಳನ್ನು ಪತ್ರಿಕೆಯಲ್ಲಿ ಓದಿದೆವು. ಇನ್ನೊಮ್ಮೆ ಮತಗಣನೆ ಮಾಡಿ ಎಂಬ ಮನವಿಗೆ ನಲವತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅದನ್ನು ಮತದಾನಕ್ಕೆ ಮೊದಲೇ ಶುರುಮಾಡಿದವನು ಹೊರಬರುವ ಪಕ್ಷದವನಂತೆ! ತನ್ನ ಪಕ್ಷ ಸೋಲಬಹುದೆಂದು ಮಾಡಿಟ್ಟುಕೊಂಡ ಮನವಿಗೆ ಎದುರು ಪಕ್ಷದವರು ಬಂದು ಸಹಿ ಹಾಕಿದರು. ಜುಲೈ 2ರಂದು ಲಂಡನ್ನಿನಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಹ್ಯಾಮರ್‌ಸ್ಮಿತ್‌ನಲ್ಲಿರುವ ಪೋಲಿಷ್ ಸಾಂಸ್ಕೃತಿಕ ಕೇಂದ್ರದ ಬಾಗಿಲ ಮೇಲೆ ಯಾರೋ ಹೊಲಸು ಮಾತು ಬರೆದರು. ಅದನ್ನು ತಿಳಿದ ನೆರೆಹೊರೆಯ ಇಂಗ್ಲಿಷರು ಹೂಗುಚ್ಛ, ಕಾರ್ಡುಗಳನ್ನು ತಂದುಕೊಟ್ಟರು. ಜೂನ್ ತಿಂಗಳ ಉತ್ತರಾರ್ಧದಲ್ಲಿ ದ್ವೇಷದ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ 42ರಷ್ಟು ಹೆಚ್ಚು ದಾಖಲಾದವೆಂದು ಪೊಲೀಸರೇ ಹೇಳಿದರು. ಅಪ್ಪ-ಮಕ್ಕಳು ಮಾತು ಬಿಟ್ಟ ಮನೆಗಳ ಸುದ್ದಿ ಬಂತು. ಮುದುಕರು ನಮ್ಮ ಭವಿಷ್ಯ ಕಿತ್ತುಕೊಂಡರು ಎಂದು ಎಳೆಯರು, ಸೋಲನ್ನು ಒಪ್ಪಲಾರದ ಹುಡುಗರು ಎಂದು ಹಿರಿಯರು.

ಅದನ್ನೆಲ್ಲ ಓದಿ "ಎಂಥ ಜನರಪ್ಪಾ, ಒಂದು ಮತಕ್ಕಾಗಿ ಮನೆಯವರನ್ನೇ ಬಿಡುತ್ತಾರಲ್ಲ" ಎಂದು ನಾವು ಮರುಗಿದ್ದೂ ಉಂಟು. ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಫೋಟೋ ಇತ್ತು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಆಚೆ ದಡದಲ್ಲಿ, ಬಸವಣ್ಣನವರ ಪ್ರತಿಮೆ ಅನಾವರಣವಾಯಿತಲ್ಲ, ಅದನ್ನು ನೋಡಲು ಹೋದ ಅಣ್ಣ, ವೈನಿ ಆಮೇಲೆ ಪ್ರತಿಮೆಯ ಮುಂದೆ ತೆಗೆಸಿಕೊಂಡ ಫೋಟೋ. ಅನುಭವ ಮಂಟಪದಲ್ಲಿ ಎಲ್ಲರ ಮಾತನ್ನೂ ಕೇಳಿಸಿಕೊಂಡ ಮಹಾನುಭಾವರ ಫೋಟೋದ ಧೂಳು ಒರೆಸುತ್ತಲೇ ನಾವು ಅಣ್ಣನಿಗೆ ಫೋನ್ ಮಾಡದೆ ಇದ್ದೆವು. ಯುಗಾದಿಗೆ ವೈನಿಯಿಂದ ಒಂದು ಸಾಲಿನ ಶುಭಾಶಯ ಬಂತು. ನಾವೂ ಒಂದು ಸಾಲು ಕಳಿಸಿದೆವು. ಹೀಗೆ ಸುಮಾರು ಒಂದು ವರ್ಷ.

2017ರ ಜೂನ್ 5. ಮತ್ತೆ ರಂಜಾನ್. ಇಲ್ಲಿದ್ದವರಿಗೆ ಆ ಸೋಮವಾರ ಮರೆಯುವಂತಿಲ್ಲ. ಸೌದಿ ಅರೇಬಿಯಾ, ಯುಎಇ, ಬಹ್ರೇನ್, ಈಜಿಪ್ಟ್ ನಾಲ್ಕೂ ಕತಾರಿನ ಜೊತೆ ಸಂಬಂಧ ಕಡಿದುಕೊಂಡವು. ಇರುವ ಒಂದೇ ಭೂಗಡಿ ಮುಚ್ಚಿತು. ಹಾಲು ಬರುತ್ತಿದ್ದುದು ಬಹುಪಾಲು ಸೌದಿಯಿಂದ. ಅಂಗಡಿಗಳಲ್ಲಿ ಜನ ಮುಗಿಬಿದ್ದರು. ನಾವೂ ತಳ್ಳುಗಾಡಿ ಹಿಡಿದು ನಿಂತಿದ್ದೆವು. ಹಾಲಿನ ಕಪಾಟು ಖಾಲಿ. ಕೆಳಮನೆಯ ಈಜಿಪ್ಟಿನವರು ಊರಿಗೆ ಹೇಗೆ ಹೋಗುವುದೆಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಹೆಂಡತಿ ಬಹ್ರೇನಿನವಳು, ಗಂಡ ಕತಾರಿಯವನು, ಅಂಥ ಸಂಸಾರಗಳು ನಮ್ಮ ಕ್ಲಿನಿಕ್ಕಿಗೇ ಬರುತ್ತಿದ್ದವು.

ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗಲೇ ಫೋನ್ ಬಂತು.

"ಹಾಲು ಸಿಗಾಕತ್ತೈತೇನು? ಅಕ್ಕಿ ಅದಾವೇನು? ಹುಡುಗಿ ಅಂಜ್ಯಾಳೇನು?"

ಅಣ್ಣ. ವರ್ಷದ ಮೇಲೆ ಕೇಳಿದ ದನಿ. ಯಾರು ಸರಿ, ಯಾರು ತಪ್ಪು, ನೀವು ಯಾಕೆ ಅಂಥ ದೇಶದಲ್ಲಿ ಇದ್ದೀರಿ, ನಾವು ಅಂದೇ ಹೇಳಿರಲಿಲ್ಲವೇ, ಒಂದೂ ಇಲ್ಲ. ಮೂರು ಪ್ರಶ್ನೆ, ಮೂರೂ ನಮ್ಮ ಬಗ್ಗೆ. ಉತ್ತರ ಕೊಡುವಷ್ಟರಲ್ಲಿ ನಮ್ಮಾಕೆಯ ಕಣ್ಣಲ್ಲಿ ನೀರು ಬಂದಿತ್ತು. ಕೆಲವೇ ದಿನಗಳಲ್ಲಿ ತುರ್ಕಿಯ ಹಾಲು ಬಂತು, ಆಮೇಲೆ ವಿಮಾನದಲ್ಲಿ ಹಸುಗಳೇ ಬಂದವು. ನಮಗೆ ಮಾತ್ರ ಆ ದಿಗ್ಬಂಧನದಲ್ಲಿ ಮೊದಲು ಬಂದದ್ದು ಅಣ್ಣನ ಫೋನು.

ಅದೇ ವರ್ಷದ ಡಿಸೆಂಬರಿನಲ್ಲಿ ಅಣ್ಣ, ವೈನಿ ಊರಿಗೆ ಹೋಗುವ ದಾರಿಯಲ್ಲಿ ಎರಡು ದಿನ ನಮ್ಮಲ್ಲಿ ಇಳಿದುಕೊಂಡರು. ಸಂಜೆ ದಹ್ಲ್ ಅಲ್ ಹಮಾಮ್ ಪಾರ್ಕಿಗೆ ನಡೆದು ಹೋದೆವು. ಹವೆ ಹಿತವಾಗಿತ್ತು. ಹುಲ್ಲಿನ ಮೇಲೆ ಮಕ್ಕಳು ಚೆಂಡಾಡುತ್ತಿದ್ದರು. ಬೆಂಚಿನ ಮೇಲೆ ಕುಳಿತು, ಒಂದೂವರೆ ವರ್ಷದ ಹಿಂದೆ ಕೇಳಬೇಕಾದ ಪ್ರಶ್ನೆಯನ್ನು ನಾವು ಅಂದು ಕೇಳಿದೆವು: "ಅಣ್ಣಾ, ಅವತ್ತು ವಾರ್ಡಿನಲ್ಲಿ ಏನಾಗಿತ್ತು?"

ಅಣ್ಣ ಮೊದಲು ವಾರ್ಡಿನ ಮಾತಾಡಲಿಲ್ಲ. ಮತಗಟ್ಟೆಯ ಮಾತಾಡಿದರು. ಪೆನ್ಸಿಲ್ ಕೈಯಲ್ಲಿ ಹಿಡಿದು ನಿಂತಾಗ ಅವರಿಗೆ ನೆನಪಾದದ್ದು ಯೂರೋಪಲ್ಲ, ವ್ಯಾಪಾರವಲ್ಲ. 2007ರ ಆ ಚಳಿಯ ಬೆಳಗ್ಗೆ ನಮ್ಮನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದದ್ದು. "ನಿಮ್ಮಷ್ಟ ಓದಿದವರು ಹೊರಗ ನಿಂತ್ರು. ಯೂರೋಪಿನಿಂದ ಬಂದವ್ರು ಸಾಲು ದಾಟಿ ಒಳಗ ಹೋದ್ರು. ಎಲ್ಲಾರಿಗೂ ಒಂದ ಸಾಲು ಇರಬೇಕು ಅನ್ನೋದ ನನ್ನ ಮನಸಿನ್ಯಾಗ ಇತ್ತು. ನಿಮ್ಮ ಸಲುವಾಗಿ ಗೆರಿ ಹೊಡದೆ" ಎಂದರು.

ನಾವು ಏನು ಹೇಳಬೇಕಿತ್ತು? ಯಾವ ಗಾಯ ನಮ್ಮದೋ, ಆ ಗಾಯಕ್ಕಾಗಿ ಅವರು ಮತ ಹಾಕಿದ್ದರು. ಅದಕ್ಕೇ ನಾವು ಅವರನ್ನು ಬೈದಿದ್ದೆವು.

ಆಮೇಲೆ ವಾರ್ಡಿನ ಮಾತು. ಆ ಶುಕ್ರವಾರ ಬೆಳಗ್ಗೆ ರೌಂಡ್ಸಿಗೆ ಹೋದಾಗ ಪೋಲೆಂಡಿನ ಸಿಸ್ಟರ್ ಔಷಧದ ಕೋಣೆಯಲ್ಲಿ ಅಳುತ್ತಿದ್ದಳಂತೆ. ತಾನೂ ಅವಳ ವಿರುದ್ಧ ಗೆರೆ ಎಳೆದವನೇ ಎಂದು ಹೇಳಲೂ ಆಗದೆ, ಹೇಳದೆ ಸಮಾಧಾನ ಮಾಡಲೂ ಆಗದೆ, ಅಣ್ಣ ಅವಳಿಗೆ ಚಹಾ ಮಾಡಿಕೊಟ್ಟರು. ಅಲ್ಲಿಂದ ಮುಂದಿನ ಹಾಸಿಗೆಗೆ ಹೋದರೆ, ಹದಿನೈದು ದಿನದಿಂದ ಅವರೇ ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜ ಕೈಕುಲುಕಿ, ಕೆಟ್ಟ ಮನಸ್ಸಿಲ್ಲದೆಯೇ, "ಗೆದ್ದೆವು ಡಾಕ್ಟರ್! ಇನ್ನು ನೀವು ಊರಿಗೆ ಹೋಗುವುದು ಯಾವಾಗ?" ಎಂದು ಕೇಳಿದ. ಅಣ್ಣ ಅವನ ಜೊತೆಗೇ ಮತ ಹಾಕಿದವರು. ಅವನ ಲೆಕ್ಕದಲ್ಲಿ ಮಾತ್ರ 'ನಾವು' ಎಂಬುದರ ಒಳಗೆ ಅವರಿರಲಿಲ್ಲ.

"ಅದನ್ನ ಯಾರ ಮುಂದ ಹೇಳಲಿ ಅಂತ ದಿನಾ ಪೂರ್ತಿ ವಿಚಾರ ಮಾಡಿ ನಿಮಗ ಫೋನ್ ಹಚ್ಚಿದ್ದೆ" ಎಂದರು.

ವೈನಿ ನಡುವೆ ಬಾಯಿ ಹಾಕಿ, "ನನ್ನ ಮುಂದೂ ಹೇಳಿದ್ದಿಲ್ಲ. ನಾ ಬ್ಯಾರೇ ಹಾಕಿದ್ನೆಲ್ಲಾ, ಹೆಂಗ ಹೇಳ್ತಾರ?" ಎಂದು ನಕ್ಕರು. ವೈನಿಯ ಕಾರಣ ಬೇರೆ. ಮಗ ಸ್ಪೇನಿನಲ್ಲಿ ಓದುವ ಆಸೆ ಇಟ್ಟುಕೊಂಡಿದ್ದ. ಅವನ ದಾರಿ ಮುಚ್ಚಬಾರದೆಂದು ಅವರು ಒಳಗೆ ಎಂದರು. ಆ ದಿನ ರಾತ್ರಿಯೂ ಇಬ್ಬರೂ ಒಂದೇ ಕುಕ್ಕರಿನ ಅನ್ನ ಉಂಡಿದ್ದರು. ಒಂದೇ ಮನೆಯಲ್ಲಿ ಎರಡು ಮತ ಬಿದ್ದೂ ಅವರ ಮನೆ ಒಡೆದಿರಲಿಲ್ಲ. ಒಡೆದದ್ದು ಐದು ಸಾವಿರ ಕಿಲೋಮೀಟರ್ ಆಚೆ ಕುಳಿತ, ಮತವೇ ಇಲ್ಲದ ನಮ್ಮಿಂದ.

ಮೆಡಿಕಲ್ ಕಾಲೇಜಿನ ಮೂರನೇ ವರ್ಷದಲ್ಲಿ ನಮಗೆ ಹೇಳಿಕೊಡುವ ಮೊದಲ ಪಾಠ ಹಿಸ್ಟರಿ ತೆಗೆದುಕೊಳ್ಳುವುದು. ಸ್ಟೆತಾಸ್ಕೋಪ್ ಮುಟ್ಟುವ ಮೊದಲು ಕೇಳು, ರೋಗಿ ಹೇಳುವುದನ್ನು ನಡುವೆ ತಡೆಯಬೇಡ ಎಂದು ನಮ್ಮ ಪ್ರೊಫೆಸರರು ಬೈದು ಬೈದು ಕಲಿಸಿದರು. ದಿನಕ್ಕೆ ಮೂವತ್ತು ಜನ ಅಪರಿಚಿತರ ಹತ್ತಿರ ನಾವು ಅದನ್ನು ಪಾಲಿಸುತ್ತೇವೆ. ಆರು ವಾರ ಅನ್ನ ಹಾಕಿದವರ ಹತ್ತಿರ ಪಾಲಿಸಲಿಲ್ಲ. ಅವರು ಹೇಳಿದ ಒಂದು ಪದ ಕೇಳಿ ಡಯಾಗ್ನೋಸಿಸ್ ಬರೆದುಬಿಟ್ಟೆವು. ಹೌದು, ಅಲ್ಲ ಎಂಬ ಎರಡೇ ಮನೆಗಳಿರುವ ಚೀಟಿಯಲ್ಲಿ ಜನ ತಮ್ಮ ಬದುಕಿನ ಏನೇನನ್ನೋ ತುಂಬಿ ಹಾಕಿರುತ್ತಾರೆ. ಲೆಕ್ಕ ಮಾಡುವವರಿಗೆ ಕಾಣುವುದು ಗೆರೆ ಮಾತ್ರ. ಬಂಧುಮಿತ್ರರಾದ ನಮಗಾದರೂ ಗೆರೆಯ ಹಿಂದಿನದನ್ನು ಕೇಳುವ ಅವಕಾಶವಿದೆ.

ಹಾಗಾದರೆ ಅಣ್ಣನ ಲೆಕ್ಕ ಸರಿಯಾಗಿತ್ತೇ ಎಂದು ನೀವು ಕೇಳಬಹುದು. ನಾವು ಈಗಲೂ ಅವರ ಮತವನ್ನು ಒಪ್ಪುವುದಿಲ್ಲ, ಅವರಿಗೂ ಅದು ಗೊತ್ತು. 2020ರ ಜನವರಿ 31ರಂದು ಬ್ರಿಟನ್ ಹೊರಬಂತು. 2021ರಿಂದ ಹೊಸ ವೀಸಾ ನಿಯಮ ಬಂದು, ಯೂರೋಪಿನವರೂ ನಮ್ಮವರೂ ಒಂದೇ ಸಾಲಿನಲ್ಲಿ ನಿಂತರು. ಕರ್ನಾಟಕ, ಕೇರಳದ ನರ್ಸುಗಳು, ವೈದ್ಯರು ದಂಡುದಂಡಾಗಿ ಹೋದರು. ದೋಹಾದಲ್ಲಿ ನಮ್ಮೊಂದಿಗೆ ಕೆಲಸ ಮಾಡುತ್ತಿದ್ದವರೂ ಕೆಲವರು ಹೋದರು. ಅಣ್ಣನ ಮಾತು ನಿಜವಾಯಿತೆಂದು ಅವರು ನಗುವಷ್ಟರಲ್ಲಿ, ಟ್ರೈನಿಂಗ್ ಹುದ್ದೆಗಳಿಗೆ ಬ್ರಿಟನ್ನಿನಲ್ಲಿ ಓದಿದವರಿಗೆ ಆದ್ಯತೆ ಕೊಡುವುದಾಗಿ 2025ರ ಜುಲೈನ ಹತ್ತು ವರ್ಷಗಳ ಆರೋಗ್ಯ ಯೋಜನೆಯಲ್ಲಿ ಬರೆದರು. "ನೋಡ್ರಿ, ಬಾಗಲಾ ಮತ್ತ ನಮ್ಮ ಹುಡುಗರ ಮಾರಿ ಮ್ಯಾಲೆ" ಎಂದು ಅಣ್ಣನೇ ಫೋನಿನಲ್ಲಿ ಹೇಳಿದರು. ಈ ಸಲ ನಾವು "ಹೇಳಿರಲಿಲ್ಲವೇ" ಎನ್ನಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆವು.

ಈ ನುಂಗಿಕೊಳ್ಳುವ ಅಭ್ಯಾಸ ನಮ್ಮ ಇದೇ ಊರಿನಲ್ಲಿಯೂ ಉಪಯೋಗಕ್ಕೆ ಬಂತು. 2024ರ ನವೆಂಬರ್ 5ರಂದು ಕತಾರಿನಲ್ಲೇ ಜನಮತಗಣನೆ ನಡೆಯಿತು. ಶೂರಾ ಸಭೆಯ 45 ಸದಸ್ಯರಲ್ಲಿ 30 ಜನರನ್ನು 2021ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಚುನಾಯಿಸಿದ್ದರು. ಆಗ ಯಾರಿಗೆ ಮತವುಂಟು, ಯಾರಿಗಿಲ್ಲ ಎಂಬ ಮಾತಿಗೆ ಕೆಲವು ಮನೆತನಗಳಲ್ಲಿ ನೋವಾಗಿತ್ತು. ಚುನಾವಣೆ ಬಿಟ್ಟು ಮತ್ತೆ ನೇಮಕದ ಪದ್ಧತಿಗೆ ಹೋಗೋಣ, ಜನರ ಒಗ್ಗಟ್ಟು ಮುಖ್ಯ ಎಂಬ ತಿದ್ದುಪಡಿಯನ್ನು ಪ್ರಜೆಗಳ ಮುಂದಿಟ್ಟರು. ನೂರಕ್ಕೆ 84 ಜನ ಬಂದು ಮತ ಹಾಕಿ, ಅವರಲ್ಲಿ ನೂರಕ್ಕೆ 90.6 ಜನ ಒಪ್ಪಿದರು. ಅಂದೇ ಅಮೆರಿಕದ ಅಧ್ಯಕ್ಷರ ಚುನಾವಣೆಯೂ ಇದ್ದುದರಿಂದ ನಮ್ಮವರ ಟಿವಿಗಳೆಲ್ಲ ಅತ್ತ ಕಡೆ ತಿರುಗಿದ್ದವು. ನಮ್ಮ ಬೀದಿಯಲ್ಲಿ ಮಾತ್ರ ರಾತ್ರಿ ಕೆಲವು ಕಾರುಗಳು ಧ್ವಜ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಹೋದವು.

ಆ ವಾರ ಕ್ಲಿನಿಕ್ಕಿಗೆ ಬಂದ ಕತಾರಿ ಹಿರಿಯರೊಬ್ಬರು ಬಹಳ ಹುರುಪಿನಲ್ಲಿದ್ದರು, ಮತ ಹಾಕಿದ ಕಥೆ ಹೇಳಿದರು. ಅವರ ನಂತರ ಬಂದ ಇನ್ನೊಬ್ಬರು ಅದರ ಮಾತೇ ಎತ್ತಲಿಲ್ಲ. ಇಬ್ಬರಿಗೂ ನಾವು ಕೇಳಿದ್ದು ಒಂದೇ: ಮನೆಯಲ್ಲಿ ಎಲ್ಲ ಹೇಗಿದ್ದಾರೆ, ನಿದ್ದೆ ಬರುತ್ತಿದೆಯೇ? ಮೊದಲನೆಯವರು ಹತ್ತು ನಿಮಿಷ ಮಾತಾಡಿದರು. ಎರಡನೆಯವರು ಒಂದು ನಿಮಿಷ ಸುಮ್ಮನಿದ್ದು, ಎದ್ದು ಹೋಗುವಾಗ ನಮ್ಮ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅತಿಥಿಗಳಾದ ನಾವು ಅದಕ್ಕಿಂತ ಹೆಚ್ಚು ಕೇಳಬಾರದು, ಕೇಳಲೂ ಇಲ್ಲ.

ನಮ್ಮ ಸಂಘದ ಕುಟುಂಬಗಳಲ್ಲಿ ಮಂಗಳೂರಿನವರಿದ್ದಾರೆ, ಬೆಂಗಳೂರಿನವರಿದ್ದಾರೆ, ನಮ್ಮ ಹುಬ್ಬಳ್ಳಿ ಕಡೆಯವರಿದ್ದಾರೆ. ಊರಿನ ಚುನಾವಣೆಯ ಫಲಿತಾಂಶ ಬಂದಾಗಲೆಲ್ಲ ನಮ್ಮಲ್ಲೂ ಕೆಲವರು ಒಂದೆರಡು ತಿಂಗಳು ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಯಾರೆಂದು ಹೇಳುವುದಿಲ್ಲ, ಓದುವವರಿಗೆ ಗೊತ್ತಾಗುತ್ತದೆ. ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ. ಒಂದು ಇಡೀ ವರ್ಷ ಕಳೆದುಕೊಂಡವರು ನಾವು, ಅದೂ ಎದುರಿನವರು ಮೊದಲು ಫೋನ್ ಮಾಡಿದ್ದರಿಂದ ವರ್ಷಕ್ಕೇ ಮುಗಿಯಿತು.

ಮಗಳಿಗೆ ಈಗ ಇಪ್ಪತ್ತು ದಾಟಿದೆ. ಅವಳ ಅಂದಿನ ಪ್ರಶ್ನೆಗೆ ನಮ್ಮಲ್ಲಿ ಈಗಲೂ ಪೂರ್ತಿ ಉತ್ತರವಿಲ್ಲ. ಅಣ್ಣ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಶುಕ್ರವಾರ ಸಂಜೆ ಏಳಕ್ಕೆ ಫೋನ್ ಬರುತ್ತದೆ. ಮೊದಲು ಅವರು ಮಾತಾಡುತ್ತಾರೆ, ನಾವು ಕೇಳುತ್ತೇವೆ. ಹಾಗೆಂದು ನಮ್ಮ ನಡುವೆ ಒಪ್ಪಂದ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಕ್ಕರೆ ಕಾಯಿಲೆ. ಜಾಮೂನು ಸ್ವಲ್ಪ ಕಡಿಮೆ ಮಾಡಿರಿ.